ಕಳುಹಿಸಿದವರ ವಿಳಾಸ



ಎರಡು ವರ್ಷಗಳ ಹಿಂದೆ ಒಂದು ಸಂಜೆ ಅಕ್ಕಲಕೋಟೆ ತಾಲೂಕಿನ ಹುಡುಗನೊಬ್ಬ ಸೋಲಾಪುರದ ನಮ್ಮ ಮನೆಗೆ ಬಂದು ಕೆಲವು ಕಾಗದಗಳನ್ನು ಮುಂದೆ ಹಿಡಿದ. ಅಗ್ನಿವೀರನಾಗಿ ಸೈನ್ಯಕ್ಕೆ ಆಯ್ಕೆಯಾಗಿದ್ದ. ಹತ್ತನೆಯ ತರಗತಿ ಪಾಸು, ಓಟದಲ್ಲಿ ಎಲ್ಲರಿಗಿಂತ ಮುಂದು, ಹದಿನೆಂಟು ತುಂಬಿ ಕೆಲವೇ ತಿಂಗಳಾಗಿತ್ತು. ಕಾಗದ ತುಂಬಲು ನಮ್ಮ ಸಹಾಯ ಬೇಕಾಗಿತ್ತು. ಹೆಸರು, ಊರು, ಶಾಲೆ ಎಲ್ಲವೂ ಸರಾಗವಾಗಿ ಆಯಿತು. ಸಮೀಪದ ಬಂಧು ಯಾರು ಎಂಬ ಕಾಲಮ್ಮಿಗೆ ಬಂದಾಗ ಪೆನ್ನು ನಿಂತಿತು.

"ಇಲ್ಲಿ ಯಾರ ಹೆಸರು ಬರೀಲಿರಿ, ಕಾಕಾ?" ಎಂದು ಕೇಳಿದ.

ಅವನು ಏಳು ವರ್ಷದವನಿದ್ದಾಗ ತಾಯಿ ತೀರಿಕೊಂಡಿದ್ದಳು. ಕಬ್ಬು ಕಡಿಯುವ ಗುಂಪಿನ ಜೊತೆ ಹೋದ ತಂದೆ ಇನ್ನೊಂದು ಸಂಸಾರ ಹೂಡಿ ಅತ್ತಲೇ ಉಳಿದುಬಿಟ್ಟ. ಹುಡುಗ ಬೆಳೆದದ್ದು ವಸತಿ ನಿಲಯದಲ್ಲಿ. "ನಿಮ್ಮ ಹೆಸರೇ ಬರೀಲೇನ್ರಿ?" ಎಂದ. ನಾವು ಒಪ್ಪಲಿಲ್ಲ. ಸೇವೆಯಲ್ಲಿರುವಾಗ ಅಗ್ನಿವೀರನು ತೀರಿಕೊಂಡರೆ 48 ಲಕ್ಷ ರೂಪಾಯಿಯ ವಿಮೆಯಿದೆ. ಹಾಗೆ ಹಣ ನಿಂತಿರುವ ಕಡೆ, ಊರಿಗೆ ಉಪದೇಶ ಹೇಳುವವರ ಹೆಸರು ಬರಬಾರದು ಎಂಬುದು ನಮ್ಮ ವಿಚಾರ. ಕೆದಕಿ ಕೇಳಿದಾಗ, ತಂದೆಯ ಅಕ್ಕ ಒಬ್ಬಳು ಸೋಲಾಪುರದಲ್ಲೇ ಬೀಡಿ ಕಟ್ಟಿ ಬದುಕುತ್ತಾಳೆ, ನೋಡಿ ಹತ್ತು ವರ್ಷವಾಯಿತು ಎಂದ. ಮರುದಿನ ಇಬ್ಬರೂ ಹುಡುಕಿಕೊಂಡು ಹೋದೆವು. ಆ ತಾಯಿ ಬೀಡಿ ಎಲೆಯ ಮೊರವನ್ನು ಪಕ್ಕಕ್ಕಿಟ್ಟು ಅವನ ಮುಖವನ್ನು ಎರಡೂ ಕೈಯಲ್ಲಿ ಹಿಡಿದು ಅತ್ತಳು. ಆ ಕಾಲಮ್ಮಿನಲ್ಲಿ ಅವಳ ಹೆಸರು ಬಂತು.

ಹುಡುಗ ತರಬೇತಿಗೆ ಹೊರಟ. ತಿಂಗಳಿಗೊಂದು ಪೆಟ್ಟಿಗೆ ಕಳಿಸುತ್ತೇವೆ ಎಂದು ನಮ್ಮ ಕೂಟದವರು ಅವನಿಗೆ ಮಾತು ಕೊಟ್ಟೆವು. ಆ ಮಾತು ಏನಾಯಿತು ಎಂಬುದನ್ನು ಮುಚ್ಚಿಡದೆ ನಿಮ್ಮ ಮುಂದೆ ಇಡುವುದು, ಅದರಿಂದ ನಾವು ಕಲಿತದ್ದನ್ನು ಹೇಳುವುದು ಈ ಬರಹದ ಉದ್ದೇಶ.

ಮೊದಲ ಪೆಟ್ಟಿಗೆಯನ್ನು ಬಹಳ ಸಂಭ್ರಮದಿಂದ ಕಟ್ಟಿದೆವು. ಸೋಲಾಪುರದ ಟವೆಲ್, ಕುಟ್ಟಿದ ಶೇಂಗಾ ಚಟ್ನಿ, ಲಾಡು, ಸಾಬೂನು. ಹದಿನೈದು ಜನ ಪೆಟ್ಟಿಗೆಯ ಸುತ್ತ ನಿಂತು ಫೋಟೋ ತೆಗೆಸಿಕೊಂಡೆವು. 'ಅನಾಥ ಸೈನಿಕನಿಗೆ ನಮ್ಮ ಕಾಣಿಕೆ' ಎಂದು ಬರೆದು ಆ ಫೋಟೋವನ್ನು ಬೋರ್ಡಿಗೆ ಅಂಟಿಸಿದೆವು. ಒಂದು ಪ್ರತಿಯನ್ನು ಪೆಟ್ಟಿಗೆಯಲ್ಲೂ ಇಟ್ಟೆವು. ಮೂರು ವಾರದ ಮೇಲೆ ಉತ್ತರ ಬಂತು. ಚಟ್ನಿಯ ಎಣ್ಣೆ ಸೋರಿ ಟವೆಲ್ಲಿಗೆ ಹತ್ತಿತ್ತು, ಒಗೆದು ಹಾಕಿದ್ದೇನೆ ಎಂದು ಬರೆದಿದ್ದ. ಕೆಳಗೆ ಇಷ್ಟಿತ್ತು: "ಫೋಟೋ ಯಾರಿಗೂ ತೋರಿಸಿಲ್ಲ. ನಾನು ಅನಾಥ ಅಂತ ಇಲ್ಲಿ ಯಾರಿಗೂ ಹೇಳಿಲ್ಲ. ಸೋಲಾಪುರದಾಗ ನಮ್ಮ ಅತ್ತಿ ಅದಾಳ ಅಂತ ಹೇಳೀನಿ."

ಬಂಧುಗಳೇ, ಇದನ್ನು ಓದಿ ನಾವು ತಲೆ ತಗ್ಗಿಸಿದೆವು. ಬೋರ್ಡಿನ ಫೋಟೋ ಆ ದಿನವೇ ಕಿತ್ತೆವು. ಆದರೆ ತಪ್ಪು ಅಲ್ಲಿಗೇ ನಿಲ್ಲಲಿಲ್ಲ. ಹಬ್ಬ ಬಂತು, ಸಂಘದ ಚುನಾವಣೆ ಬಂತು, ಮೂರು ತಿಂಗಳು ಏನನ್ನೂ ಕಳಿಸಲಿಲ್ಲ. ಒಂದು ಭಾನುವಾರ ಫೋನಿಗೆ ಸಿಕ್ಕಾಗ ಹುಡುಗ ದೂರು ಹೇಳಲಿಲ್ಲ. "ಟಪಾಲು ಬಂದಾಗ ಹೆಸರು ಕೂಗ್ತಾರ್ರಿ ಕಾಕಾ, ನಾನೂ ಹೋಗಿ ನಿಂದರತೀನಿ" ಎಂದಷ್ಟೇ ಹೇಳಿದ. ಆ ಮೂರು ತಿಂಗಳು ಅವನು ನಿಂತದ್ದು ನಮ್ಮ ಮಾತನ್ನು ನಂಬಿ.

ಪವಿತ್ರ ಗ್ರಂಥ ಬಲ್ಲವರಿಗೆ ಇಷಯನ ಕಥೆ ಗೊತ್ತಿದೆ. ಅವನ ಮೂವರು ಹಿರಿಯ ಮಕ್ಕಳು ಸೌಲನ ಸೈನ್ಯದಲ್ಲಿದ್ದರು. ಮುದುಕನಾದ ಆ ತಂದೆ ಕಿರಿಯವನಾದ ದಾವೀದನ ಕೈಯಲ್ಲಿ ಹುರಿಗಾಳು ಮತ್ತು ಹತ್ತು ರೊಟ್ಟಿ ಕೊಟ್ಟು ಅಣ್ಣಂದಿರ ಪಾಳೆಯಕ್ಕೆ ಕಳಿಸಿದ. ಅವರ ಮೇಲಧಿಕಾರಿಗೂ ಹತ್ತು ಗಿಣ್ಣು ಕಟ್ಟಿಕೊಟ್ಟ. ಮಕ್ಕಳು ಕ್ಷೇಮವಾಗಿದ್ದಾರೆಯೇ ಎಂದು ವಿಚಾರಿಸಿ ಅವರಿಂದ ಒಂದು ಗುರುತನ್ನು ತರಲು ಹೇಳಿದ. ನಾವು ಈ ಕಥೆ ಹೇಳುವಾಗ ಗೊಲ್ಯಾತನ ಹಣೆಗೆ ಬಿದ್ದ ಕಲ್ಲಿನ ಕಡೆಗೆ ಅವಸರದಿಂದ ಓಡುತ್ತೇವೆ. ದಾವೀದ ಯುದ್ಧಭೂಮಿಗೆ ಬಂದದ್ದೇ ಮನೆಯ ಬುತ್ತಿ ಮುಟ್ಟಿಸಲು ಎಂಬುದನ್ನು ಮರೆಯುತ್ತೇವೆ. ಆ ಪಾಳೆಯದಲ್ಲಿ ಇಷಯನಂಥ ತಂದೆಯಿಲ್ಲದ ಹುಡುಗರೂ ಇದ್ದಿರಬೇಕಲ್ಲವೇ? ಅವರಿಗೆ ಬುತ್ತಿ ಕಳಿಸಿದವರು ಯಾರು?

ಈ ಪತ್ರಿಕೆಯನ್ನು ಓದುವ ನಿಮ್ಮಲ್ಲಿ ಹೆಚ್ಚಿನವರು ತೋಟದ ಲೈನುಗಳಲ್ಲಿದ್ದೀರಿ. ಸೋಲಾಪುರದ ಸುದ್ದಿ ನಮಗೇಕೆ ಎಂದು ಕೇಳಬಹುದು. ಸೋಲಾಪುರ ಮಹಾರಾಷ್ಟ್ರದ ಊರಾದರೂ ಅಕ್ಕಲಕೋಟೆ ಮತ್ತು ದಕ್ಷಿಣ ಸೋಲಾಪುರ ತಾಲೂಕುಗಳ ಹಳ್ಳಿಗಳಲ್ಲಿ ಮನೆಮಾತು ಕನ್ನಡ. ಅಲ್ಲಿಯ ಹುಡುಗ ಮನೆಯಲ್ಲಿ ಕನ್ನಡ, ಪೇಟೆಯಲ್ಲಿ ಮರಾಠಿ ಆಡುತ್ತಾನೆ. ತರಬೇತಿಯಲ್ಲಿ ಹಿಂದಿ ಕೇಳುತ್ತಾನೆ. ಮಳೆ ಕೈಕೊಟ್ಟ ವರ್ಷ ತಾಯಿ ತಂದೆ ಕಬ್ಬು ಕಡಿಯಲು ಹೊರಟರೆ ಕಾರ್ಖಾನೆಗಳ ಹಂಗಾಮು ಮುಗಿಯುವ ತನಕ ಕೊಪ್ಪಿಯ ಗುಡಿಸಲಲ್ಲೇ ವಾಸ. ಇಂದು ಒಂದು ಊರಿನ ಗದ್ದೆ, ನಾಳೆ ಇನ್ನೊಂದು. ಅಂಥ ಮನೆಯ ಹುಡುಗನಿಗೆ ತಂದೆ ತಾಯಿ ಇದ್ದರೂ ಪೆಟ್ಟಿಗೆ ಕಟ್ಟಿ ಕಳಿಸುವ ಅನುಕೂಲ ಅವರಿಗಿಲ್ಲ. ಅವರಿಗೇ ಖಾಯಂ ವಿಳಾಸವಿಲ್ಲ. ಮನೆಯ ಆಸರೆಯಿಲ್ಲದವರು ಎಂದರೆ ಅನಾಥರು ಮಾತ್ರವಲ್ಲ ಎಂಬುದನ್ನು ಇದರಿಂದ ತಿಳಿಯಬೇಕು.

ತೋಟದ ಬಂಧುಗಳೇ, ಮನೆ ಬಿಟ್ಟು ಬಂದವರ ಸಂಕಟ ನಿಮಗೆ ಹೊಸದಲ್ಲ. ನಿಮ್ಮಲ್ಲಿ ಎಷ್ಟೋ ಮನೆಗಳ ಹಿರಿಯರು ಮೇಸ್ತ್ರಿಯ ಮುಂಗಡ ಪಡೆದು ಘಟ್ಟಕ್ಕೆ ಬಂದವರು. ಊರಿನಿಂದ ಬಂದ ಒಂದು ಕಾಗದವನ್ನು ಓದು ಬಲ್ಲವರಿಂದ ಮತ್ತೆ ಮತ್ತೆ ಓದಿಸಿಕೊಂಡು ಸೆರಗಿನಲ್ಲಿ ಕಟ್ಟಿಟ್ಟುಕೊಂಡ ಅಜ್ಜಿಯರ ಕಥೆ ಲೈನುಗಳಲ್ಲಿ ಇಂದಿಗೂ ಇದೆ. ಈಗ ನಿಮ್ಮ ಹುಡುಗರೂ ಬೆಳಗಿನ ಚಳಿಯಲ್ಲಿ ತೋಟದ ರಸ್ತೆಯಲ್ಲಿ ಓಡಿ ಭರ್ತಿಗೆ ತಯಾರಾಗುತ್ತಿದ್ದಾರೆ. ಅವರಲ್ಲಿ ಕೆಲವರ ಹಿಂದೆ ಯಾರೂ ಇಲ್ಲ. ನಿಮ್ಮ ಲೈನಿನಲ್ಲಿ ಅಂಥವನು ಯಾರೆಂದು ಕೇಳಿದರೆ ನಿಮ್ಮ ಮನಸ್ಸಿಗೆ ಒಂದು ಹೆಸರು ಬಂದೇ ಬರುತ್ತದೆ.

ಇದು ಹೊಸ ಕೆಲಸವೇನಲ್ಲ. ಮೊದಲ ಮಹಾಯುದ್ಧದಲ್ಲಿ ನಮ್ಮ ಸೈನಿಕರು ಫ್ರಾನ್ಸಿನ ಚಳಿಯಲ್ಲಿದ್ದಾಗ ವೈ.ಎಂ.ಸಿ.ಎ. ಕಾರ್ಯಕರ್ತರು ಅವರಿಗೆ ಕಾಗದ, ಲಕೋಟೆ ಒದಗಿಸಿದರು. ಅಕ್ಷರ ಬಾರದವರ ಪರವಾಗಿ ಊರಿಗೆ ಪತ್ರಗಳನ್ನೂ ಬರೆದುಕೊಟ್ಟರು. ಎರಡನೆಯ ಮಹಾಯುದ್ಧದಲ್ಲಿ ಲಂಡನ್ನಿನ ಇಂಡಿಯಾ ಹೌಸಿನಿಂದ ಇಂಡಿಯನ್ ಕಂಫರ್ಟ್ಸ್ ಫಂಡ್ ಎಂಬ ನಿಧಿಯವರು ಶತ್ರುಗಳ ಕೈಗೆ ಸೆರೆಸಿಕ್ಕ ಭಾರತೀಯ ಸೈನಿಕರಿಗೆ ಲಕ್ಷಗಟ್ಟಲೆ ಪೊಟ್ಟಣಗಳನ್ನು ಕಟ್ಟಿದರು. ಅವುಗಳಲ್ಲಿ ಬೇಳೆ, ಮಸಾಲೆಪುಡಿ ಇರುತ್ತಿದ್ದವು, ಏಕೆಂದರೆ ಸೆರೆಮನೆಯಲ್ಲಿದ್ದವನಿಗೂ ತನ್ನ ನಾಲಿಗೆಯ ರುಚಿ ಬೇಕು. 1962ರ ಚೀನಾ ಯುದ್ಧದ ಚಳಿಗಾಲದಲ್ಲಿ ದೇಶದ ಹೆಣ್ಣುಮಕ್ಕಳು ಸೈನಿಕರಿಗಾಗಿ ಸ್ವೆಟರ್ ಹೆಣೆದರು. ಇಂದಿಗೂ ಶಾಲೆಯ ಮಕ್ಕಳು ಗಡಿಗೆ ರಾಖಿ ಕಳಿಸುತ್ತಾರೆ. ಡಿಸೆಂಬರ್ 7ರ ಧ್ವಜ ದಿನದಂದು ಚಿಕ್ಕ ಬಾವುಟವನ್ನು ಎದೆಗೆ ಚುಚ್ಚಿಕೊಳ್ಳುತ್ತೇವೆ. ಎಲ್ಲವೂ ಒಳ್ಳೆಯದೇ. ಆದರೆ ಇವೆಲ್ಲ ಹೆಸರು ಗೊತ್ತಿಲ್ಲದ ಸೈನಿಕನಿಗೆ ಹೋಗುವ ಕಾಣಿಕೆಗಳು. ನಾವು ಹೇಳುತ್ತಿರುವುದು ಹೆಸರು ಗೊತ್ತಿರುವ ಒಬ್ಬ ಹುಡುಗನ ವಿಷಯ. ಅವನಿನ್ನೂ ಗಡಿಯನ್ನೇ ನೋಡಿಲ್ಲ. ಬ್ಯಾರಕ್ಕಿನ ಮಂಚದ ಮೇಲೆ ಕುಳಿತು ಗುಳ್ಳೆ ಎದ್ದ ಕಾಲಿಗೆ ಪಟ್ಟಿ ಸುತ್ತಿಕೊಳ್ಳುತ್ತಿದ್ದಾನೆ.

ನಮಗೆ ಬಂದ ಆಕ್ಷೇಪಗಳಿಗೂ ಉತ್ತರ ಹೇಳಬೇಕು.

"ಅವನಿಗೆ ಸಂಬಳವಿದೆಯಲ್ಲ, ನಮ್ಮದೇ ಹರಕು, ನಾವೇಕೆ ಕಳಿಸಬೇಕು?" ಎಂದವರುಂಟು. ನಿಜ. ಅಗ್ನಿವೀರನಿಗೆ ಮೊದಲ ವರ್ಷ ತಿಂಗಳಿಗೆ 30,000 ರೂಪಾಯಿ. ಅದರಲ್ಲಿ 9,000 ಸೇವಾ ನಿಧಿಗೆ ಕಡಿತವಾಗಿ 21,000 ಕೈಗೆ ಬರುತ್ತದೆ. ಊಟ, ಬಟ್ಟೆ ಸರ್ಕಾರದ್ದು. ನಮ್ಮ ಎಷ್ಟೋ ಮನೆಗಳಿಗಿಂತ ಅವನ ಕೈಯಲ್ಲಿ ಹೆಚ್ಚು ಕಾಸಿರಬಹುದು. ಆದರೆ ಪಕ್ಕದ ಮಂಚದವನ ತಾಯಿ ಕಳಿಸಿದ ಶೇಂಗಾ ಹೋಳಿಗೆಯನ್ನು 21,000 ರೂಪಾಯಿ ಕೊಟ್ಟರೂ ಕ್ಯಾಂಟೀನಿನಲ್ಲಿ ಕೊಳ್ಳಲು ಬರುವುದಿಲ್ಲ. ಸರ್ಕಾರ ಸಮವಸ್ತ್ರ ಕೊಡಬಲ್ಲದು, 'ಉಂಡೆಯೇನಪ್ಪಾ' ಎಂದು ಕೇಳುವ ಮನೆಯನ್ನು ಕೊಡಲಾರದು. ನಮ್ಮ ಪೆಟ್ಟಿಗೆಯನ್ನು ಬಡವನಿಗೆ ಕೊಟ್ಟ ದಾನ ಎಂದು ನೋಡಿದರೆ ಈ ಆಕ್ಷೇಪವೇ ಸರಿ. ಮನೆಯವನಿಗೆ ಕಟ್ಟಿದ ಬುತ್ತಿ ಎಂದು ನೋಡಿದರೆ ಸಂಬಳದ ಮಾತು ಅಲ್ಲಿ ಬರುವುದೇ ಇಲ್ಲ.

ಎರಡನೆಯ ಆಕ್ಷೇಪ ಸಂಘದ ಗೆಳೆಯರದು. "ನಾಲ್ಕು ವರ್ಷದ ಕರಾರಿನ ನೌಕರಿಯನ್ನು ನಾವು ವಿರೋಧಿಸಿದವರು. ಈಗ ಪೆಟ್ಟಿಗೆ ಕಳಿಸಿದರೆ ಆ ಯೋಜನೆಯನ್ನು ಒಪ್ಪಿದಂತಲ್ಲವೇ?" ಎಂದು ಅವರ ಪ್ರಶ್ನೆ. 2022ರ ಜೂನ್ 14ರಂದು ಅಗ್ನಿಪಥ ಯೋಜನೆ ಪ್ರಕಟವಾದಾಗ ಕಾರ್ಮಿಕ ಸಂಘಗಳು ವಿರೋಧಿಸಿದ್ದು ನಿಜ. ನಮ್ಮ ಅಭಿಪ್ರಾಯವೂ ಬದಲಾಗಿಲ್ಲ. ನಾಲ್ಕು ವರ್ಷ ಮುಗಿದ ಮೇಲೆ ಹೆಚ್ಚೆಂದರೆ ನೂರಕ್ಕೆ 25 ಜನರನ್ನು ಖಾಯಂ ಮಾಡಿಕೊಂಡು ಉಳಿದವರನ್ನು ಪಿಂಚಣಿ, ಗ್ರಾಚುಯಿಟಿಯಿಲ್ಲದೆ ಕಳಿಸುವುದು ನ್ಯಾಯವೆಂದು ನಮಗೆ ಅನಿಸುವುದಿಲ್ಲ. ಆದರೆ ಕಂಟ್ರಾಕ್ಟ್ ಪದ್ಧತಿಯನ್ನು ವಿರೋಧಿಸುವ ನಾವು ಕಂಟ್ರಾಕ್ಟ್ ಕೂಲಿಯವನ ಕೈ ಬಿಡುತ್ತೇವೆಯೇ? ಇನ್ನೊಂದು ಮಾತು. ನಮಗೆ ಅನ್ಯಾಯವಾದರೆ ಸಂಘವಿದೆ, ಘೋಷಣೆ ಕೂಗುತ್ತೇವೆ. ಸೈನಿಕನಿಗೆ ಆ ಹಕ್ಕಿಲ್ಲ. ಸಂವಿಧಾನದ 33ನೆಯ ವಿಧಿ ಮತ್ತು 1950ರ ಸೇನಾ ಕಾಯಿದೆಯಂತೆ ಅವನು ತನ್ನಿಷ್ಟದಂತೆ ಕಾರ್ಮಿಕ ಸಂಘ ಸೇರುವಂತಿಲ್ಲ. ಸಂಘ ಸೇರಲಾಗದ ದುಡಿಮೆಗಾರನಿಗೆ ಹೊರಗಿರುವ ಸಂಘದವರೇ ನೆಂಟರು.

ಮೂರನೆಯದು, "ಹುಡುಗ ಗಟ್ಟಿಯಾಗಬೇಕು, ಲಾಡು ಕಳಿಸಿ ಮೆತ್ತಗೆ ಮಾಡಬೇಡಿ" ಎಂಬ ಮಾತು. ಈ ಮಾತು ಹೇಳಿದವರೆಲ್ಲ ತಾಯಿಯ ಕೈಯಡುಗೆ ಉಂಡು ಬೆಳೆದವರೇ ಎಂಬುದನ್ನು ಗಮನಿಸಿದೆವು. ಮಕ್ಕಳ ಸಂಸ್ಥೆಗಳಲ್ಲಿ ಬೆಳೆದವರಿಗೆ ಹದಿನೆಂಟಕ್ಕೆ ಸಂಸ್ಥೆಯ ಬಾಗಿಲು ದಾಟುವ ಕಾಲ ಬರುತ್ತದೆ. ಅಗ್ನಿವೀರರನ್ನು ತೆಗೆದುಕೊಳ್ಳುವುದೂ ಹದಿನೇಳೂವರೆಯಿಂದಲೇ. ಆ ಹುಡುಗರು ಗಟ್ಟಿಯಾಗುವ ಪಾಠವನ್ನು ಬೇಕಾದಷ್ಟು ಕಲಿತಿದ್ದಾರೆ.

ಇನ್ನು ಪೆಟ್ಟಿಗೆಯ ವಿಚಾರ. ಎಡವಿ ಕಲಿತದ್ದನ್ನು ಹೇಳುತ್ತೇವೆ, ನೀವು ಎಡವಬೇಡಿ.

ಮೊದಲು ಕೇಳಿ, ಆಮೇಲೆ ಕಟ್ಟಿ. ತಿನ್ನುವ ಪದಾರ್ಥವನ್ನು ಒಳಗೆ ಬಿಡುತ್ತಾರೋ ಇಲ್ಲವೋ ಎಂಬುದು ಒಂದೊಂದು ಕೇಂದ್ರದಲ್ಲಿ ಒಂದೊಂದು ರೀತಿ. ಬಿಡುವುದಾದರೆ ಕಡಕ್ ಜೋಳದ ರೊಟ್ಟಿ, ಶೇಂಗಾ ಹೋಳಿಗೆ, ಚಿಕ್ಕಿ, ಹುರಿಗಡಲೆಯಂಥ ಒಣ ಪದಾರ್ಥ ಒಳ್ಳೆಯದು. ಚಟ್ನಿಪುಡಿಯನ್ನು ಗಟ್ಟಿ ಡಬ್ಬಿಯಲ್ಲಿ ಹಾಕಿ, ಮೇಲೆ ಎರಡು ಪ್ಲಾಸ್ಟಿಕ್ ಚೀಲ ಸುತ್ತಿ. ಒಬ್ಬನಿಗಾಗುವಷ್ಟು ಕಳಿಸಬೇಡಿ, ಅಕ್ಕಪಕ್ಕದ ಮಂಚಗಳಿಗೂ ಆಗುವಷ್ಟು ಕಳಿಸಿ. ಇಷಯನು ಮೇಲಧಿಕಾರಿಗೂ ಕಟ್ಟಿದ್ದನ್ನು ನೆನೆಯಿರಿ. ಹಂಚಲು ಏನಾದರೂ ಇದ್ದವನು ಬ್ಯಾರಕ್ಕಿನಲ್ಲಿ ಯಾರಿಗೂ ಕಡಿಮೆಯಲ್ಲ.

ತಿನಿಸು ಬಿಡದಿದ್ದರೆ ಚಿಂತೆ ಬೇಡ. ಸೂಜಿ ದಾರ, ಉಗುರು ಕತ್ತರಿ, ಬೂಟಿನ ಪಾಲಿಶ್, ಕಾಲಿಗೆ ಹಚ್ಚುವ ಮುಲಾಮು, ಅಂಟುಪಟ್ಟಿ, ಕರವಸ್ತ್ರ, ಟವೆಲ್ ಇವೆಲ್ಲ ದಿನವೂ ಬೇಕಾಗುವ ವಸ್ತುಗಳು. ಖಾಲಿ ಕಾಗದ, ಪೆನ್ನು, ಅಂಚೆ ಚೀಟಿ ಅಂಟಿಸಿ ನಿಮ್ಮ ವಿಳಾಸ ಬರೆದ ಎರಡು ಲಕೋಟೆ ಇಡುವುದನ್ನು ಮರೆಯಬೇಡಿ. ಬೆಂಕಿಪೊಟ್ಟಣ, ಲೈಟರ್, ಒತ್ತಿದರೆ ಚಿಮ್ಮುವ ಸೆಂಟಿನ ಡಬ್ಬಿಗಳನ್ನು ಇಡಬಾರದು, ಅಂಚೆಯಲ್ಲಿ ಅವಕ್ಕೆ ಅವಕಾಶವಿಲ್ಲ. ಹೆಣ್ಣುಮಕ್ಕಳನ್ನೂ ನೆನೆಯಿರಿ. ಬೆಂಗಳೂರಿನ ಮಿಲಿಟರಿ ಪೊಲೀಸ್ ಕೇಂದ್ರದಲ್ಲಿ ಮಹಿಳೆಯರ ಮೊದಲ ತಂಡ 2021ರಲ್ಲಿ ತರಬೇತಿ ಮುಗಿಸಿತು. ಅಂಥ ಹುಡುಗಿಗೆ ಕಳಿಸುವ ಪೆಟ್ಟಿಗೆಯನ್ನು ನಮ್ಮ ಸ್ತ್ರೀಯರ ಕೂಟವೇ ಕಟ್ಟಲಿ, ಬೇಕಾದದ್ದು ಅವರಿಗೆ ಗೊತ್ತು.

ವಿಳಾಸದಲ್ಲಿ ಹುಡುಗನ ಸಂಖ್ಯೆ, ಕಂಪನಿ, ಪ್ಲಟೂನು, ಕೇಂದ್ರದ ಹೆಸರು, ಪಿನ್‌ಕೋಡು ಎಲ್ಲವೂ ಇರಲಿ. ಬೆಳಗಾವಿಯ ಮರಾಠಾ ಲಘು ಪದಾತಿ ಕೇಂದ್ರವಾಗಲಿ, ನಾಸಿಕ ರೋಡಿನ ತೋಪಖಾನೆ ಕೇಂದ್ರವಾಗಲಿ, ನೀಲಗಿರಿಯ ವೆಲ್ಲಿಂಗ್ಟನ್ನಿನ ಮದ್ರಾಸ್ ರೆಜಿಮೆಂಟಾಗಲಿ, ಅಲ್ಲಿ ಸಾವಿರಾರು ಹುಡುಗರಿರುತ್ತಾರೆ. ಬರೀ ಹೆಸರು ಬರೆದರೆ ಪೆಟ್ಟಿಗೆ ಅಲೆಯುತ್ತದೆ. ರಿಜಿಸ್ಟರ್ ಅಂಚೆ 2025ರಲ್ಲಿ ಸ್ಪೀಡ್ ಪೋಸ್ಟಿನೊಡನೆ ಸೇರಿಹೋಯಿತು, ಆದ್ದರಿಂದ ಕೌಂಟರಿನಲ್ಲಿ ಸ್ಪೀಡ್ ಪೋಸ್ಟ್ ಎಂದೇ ಕೇಳಿ, ರಸೀದಿ ಇಟ್ಟುಕೊಳ್ಳಿ. ತರಬೇತಿ ಮುಗಿದು ಗಡಿಯ ಕಡೆಗೆ ಹೋದ ಮೇಲೆ ವಿಳಾಸದಲ್ಲಿ ಊರಿನ ಹೆಸರಿರುವುದಿಲ್ಲ, 56 ಎ.ಪಿ.ಓ. ಅಥವಾ 99 ಎ.ಪಿ.ಓ. ಎಂದಿರುತ್ತದೆ. ಅದು ಸೈನ್ಯದ ಅಂಚೆ, ಹುಡುಗ ಎಲ್ಲಿದ್ದರೂ ಮುಟ್ಟಿಸುತ್ತದೆ. ಅವನ ಫೋಟೋವನ್ನಾಗಲಿ ವಿಳಾಸವನ್ನಾಗಲಿ ಬೋರ್ಡಿಗೆ ಅಂಟಿಸಬೇಡಿ, ಮೊಬೈಲಿನಲ್ಲಿ ಹಂಚಬೇಡಿ. ಇದು ಅವನ ಸುರಕ್ಷತೆಗೂ ಒಳ್ಳೆಯದು, ಮಾನಕ್ಕೂ ಒಳ್ಳೆಯದು.

ಎಲ್ಲಕ್ಕಿಂತ ಮುಖ್ಯವಾದದ್ದು ಪತ್ರ. ಕನ್ನಡದಲ್ಲಿ ಬರೆಯಿರಿ. ಉಪದೇಶ ಬೇಡ, ಅದನ್ನು ಕೊಡುವ ಉಸ್ತಾದರು ಅಲ್ಲಿದ್ದಾರೆ. ಮಳೆ ಬಂತೇ, ಎಮ್ಮೆ ಈಯಿತೇ, ಯಾರ ಮದುವೆ ಗೊತ್ತಾಯಿತು, ಸಂಘದ ಮಾತುಕತೆ ಏನಾಯಿತು ಇಷ್ಟು ಸಾಕು. ನಮ್ಮ ಎರಡನೆಯ ಪೆಟ್ಟಿಗೆಯನ್ನು ಸೋದರತ್ತೆಯ ಮನೆಯಲ್ಲೇ ಕಟ್ಟಿದೆವು. ಅವಳು ಹೇಳಿದಂತೆ ನಾವು ಬರೆದೆವು. "ನೀ ಸಣ್ಣಾಂವ ಇದ್ದಾಗ ಹಾಲಿನ ಕೆನಿ ಕದ್ದು ತಿಂದು ಸಿಕ್ಕಿದ್ದಿ, ನೆನಪ ಐತೇನು?" ಎಂಬ ಸಾಲು ಅದರಲ್ಲಿತ್ತು. ಆ ಪತ್ರವನ್ನು ಅವನು ಬ್ಯಾರಕ್ಕಿನಲ್ಲಿ ಓದಿ, ಹಿಂದಿಯಲ್ಲಿ ಅರ್ಥ ಹೇಳಿ, ಎಲ್ಲರನ್ನೂ ನಗಿಸಿದನಂತೆ. ಅಲ್ಲಿಂದೀಚೆಗೆ ಒಂದು ತಿಂಗಳೂ ತಪ್ಪಿಲ್ಲ. ಖರ್ಚಿಗೆ ನಾಲ್ಕು ಮನೆಯವರು ಸರದಿ ಹಾಕಿಕೊಂಡಿದ್ದೇವೆ. ಇದರಿಂದ ಯಾರಿಗೂ ಭಾರವಾಗಿಲ್ಲ. ನಿಮ್ಮಲ್ಲೂ ಹಾಗೆಯೇ ಮಾಡಿ. ಒಬ್ಬ ಹುಡುಗನಿಗೆ ನಾಲ್ಕೇ ಮನೆ ಸಾಕು. ಪೆಟ್ಟಿಗೆ ದೊಡ್ಡದಾಗಬೇಕಿಲ್ಲ, ನಿಲ್ಲದಿದ್ದರೆ ಸಾಕು.

ತರಬೇತಿ ಮುಗಿದ ಮೇಲೆ ಪ್ರಮಾಣ ವಚನದ ಪರೇಡ್ ನಡೆಯುತ್ತದೆ. ಹಲವು ಕೇಂದ್ರಗಳಲ್ಲಿ ಆ ದಿನ ಹುಡುಗರ ತಂದೆ ತಾಯಿಗಳನ್ನು ಕರೆಸಿ ಅವರ ಎದೆಗೆ ಗೌರವ ಪದಕ ತೊಡಿಸುವ ಪದ್ಧತಿಯಿದೆ. ಆ ದಿನಕ್ಕೆ ಅತ್ತೆಯನ್ನು ಕರೆದುಕೊಂಡು ಹೋದೆವು. ಒಂದು ದಿನದ ಬೀಡಿ ಕೂಲಿ ಹೋದರೆ ಹೋಗಲಿ ಎಂದು ಅವಳು ಒಗೆದ ಸೀರೆಯುಟ್ಟು ರಾತ್ರಿ ಬಸ್ಸಿಗೆ ಬಂದಳು. ತಂಬಾಕಿನ ಬಣ್ಣ ಹತ್ತಿದ ಬೆರಳುಗಳನ್ನು ಸೆರಗಿನಲ್ಲಿ ಮುಚ್ಚಿಕೊಂಡು ನಿಂತಿದ್ದಳು. ಪದಕ ತೊಡಿಸಿದ ಮೇಲೆ ಹುಡುಗ ಓಡಿಬಂದು ಆ ಕೈಗಳನ್ನೇ ಹಿಡಿದುಕೊಂಡ. ನಾವು ದೂರದಲ್ಲಿ ನಿಂತೆವು. ಆ ದಿನ ನಮಗೆ ಫೋಟೋ ತೆಗೆಯುವ ಮನಸ್ಸಾಗಲಿಲ್ಲ.

ಆದರೆ ಬಂಧುಗಳೇ, ಕೆಲಸ ಅಲ್ಲಿಗೆ ಮುಗಿಯಲಿಲ್ಲ. ಅಗ್ನಿವೀರರ ಮೊದಲ ತಂಡಗಳು 2022ರ ಕೊನೆ ಮತ್ತು 2023ರ ಆರಂಭದಲ್ಲಿ ಸೇರಿದವು. ಅವರ ನಾಲ್ಕು ವರ್ಷ 2026ರ ಕೊನೆ, 2027ರ ಆರಂಭಕ್ಕೆ ತುಂಬುತ್ತದೆ. ಆಮೇಲೆ ವರ್ಷ ವರ್ಷವೂ ತಂಡಗಳು ಹೊರಬರುತ್ತವೆ. ಪ್ರತಿಯೊಬ್ಬನ ಕೈಯಲ್ಲಿ ಸೇವಾ ನಿಧಿಯ ಸುಮಾರು 11.71 ಲಕ್ಷ ರೂಪಾಯಿ ಎಂದು ಸರ್ಕಾರ ಹೇಳಿದೆ. ಇಪ್ಪತ್ತೆರಡು ವರ್ಷದ ಹುಡುಗ, ಕೈಯಲ್ಲಿ ಹಣ, ಹೋಗಲು ಮನೆಯಿಲ್ಲ. ಅಂಥವನನ್ನು ಸ್ವಾಗತಿಸಲು ಬಸ್‌ಸ್ಟ್ಯಾಂಡಿನಲ್ಲಿ ಯಾರು ಯಾರು ಕಾದಿರುತ್ತಾರೆ ಎಂಬುದು ನಮಗೆ ಗೊತ್ತು. ಜೂಜಿನವರು, ಚಿಟ್‌ಫಂಡಿನವರು, ಕೆಲಸ ಕೊಡಿಸುತ್ತೇನೆಂದು ಹಣ ಕೇಳುವ ದಲ್ಲಾಳಿಗಳು. ಅವರಿಗಿಂತ ಮೊದಲು ನಾವು ಅಲ್ಲಿರಬೇಕು. ಆ ದಿನ ಇದ್ದಕ್ಕಿದ್ದಂತೆ ಹೋಗಿ 'ನಾವು ನಿನ್ನವರು' ಎಂದರೆ ಅವನು ನಂಬುವುದಿಲ್ಲ. ನಾಲ್ಕು ವರ್ಷ ತಪ್ಪದೆ ಪೆಟ್ಟಿಗೆ ಕಳಿಸಿದವರನ್ನು ನಂಬುತ್ತಾನೆ.

ಪ್ರತಿ ಪೆಟ್ಟಿಗೆಯ ಮೇಲೂ ಎರಡು ವಿಳಾಸಗಳಿರುತ್ತವೆ. ಒಂದು ಅವನದು, ಅದು ಕೇಂದ್ರದಿಂದ ಘಟಕಕ್ಕೆ, ಘಟಕದಿಂದ ಗಡಿಗೆ ಬದಲಾಗುತ್ತಾ ಹೋಗುತ್ತದೆ. ಇನ್ನೊಂದು ಕಳುಹಿಸಿದವರದು, ಅದು ಬದಲಾಗಬಾರದು. ರೊಟ್ಟಿ ಮುಗಿಯುತ್ತದೆ, ಸಾಬೂನು ಸವೆಯುತ್ತದೆ, ಆ ವಿಳಾಸ ಮಾತ್ರ ಹುಡುಗನ ಬಳಿ ಉಳಿಯುತ್ತದೆ. ನಮ್ಮ ಹುಡುಗ ಪ್ರತಿ ಪೆಟ್ಟಿಗೆಯ ಆ ತುಂಡನ್ನು ಕತ್ತರಿಸಿ ತನ್ನ ಟ್ರಂಕಿನ ಮುಚ್ಚಳದ ಒಳಗೆ ಅಂಟಿಸಿಕೊಂಡಿದ್ದಾನೆಂದು ರಜೆಗೆ ಬಂದಾಗ ಅತ್ತೆಗೆ ಹೇಳಿದನಂತೆ.

ನಿಮ್ಮ ಲೈನಿನ ಆ ಹುಡುಗನ ಹೆಸರು ಈಗಾಗಲೇ ನಿಮ್ಮ ಮನಸ್ಸಿಗೆ ಬಂದಿದೆ. ಅವನ ಸಂಖ್ಯೆ, ಕಂಪನಿ, ಪ್ಲಟೂನು ಯಾವುದೆಂದು ಈ ವಾರವೇ ವಿಚಾರಿಸಿ. ಪೆಟ್ಟಿಗೆಯ ಮೇಲೆ ಕಳುಹಿಸಿದವರು ಎಂಬ ಕಡೆ ನಿಮ್ಮ ಲೈನಿನ ಹೆಸರನ್ನೂ ಮನೆಯ ನಂಬರನ್ನೂ ಸ್ಪಷ್ಟವಾಗಿ ಬರೆಯಿರಿ.